ಸಂಶೋಧನೆಯ ಜೊತೆಗೇ ಫ್ರೀಲ್ಯಾನ್ಸ್ ಮಾಧ್ಯಮ ಕೆಲಸ: ಯಾವುದು ಮೊದಲು, ಯಾವುದು ಆಮೇಲೆ

ಪಿಎಚ್‌ಡಿ ಮಾಡುತ್ತಲೋ ಪಾಠ ಹೇಳುತ್ತಲೋ ಪತ್ರಿಕೆಗೆ, ಪಾಡ್‌ಕಾಸ್ಟ್‌ಗೆ ಕೆಲಸ ಮಾಡಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಥೀಸಿಸ್ಸಿನ ಒಂದು ಅಧ್ಯಾಯವನ್ನು ಮೂರು ಸಾವಿರ ಪದಗಳಿಗೆ ಇಳಿಸಿ, ಪೂರ್ತಿ ಬರೆದು ಮುಗಿಸಿ, ಸಿಕ್ಕ ಸಂಪಾದಕರಿಗೆಲ್ಲ ಒಟ್ಟಿಗೇ ಕಳಿಸುತ್ತಾರೆ. ಉತ್ತರ ಬರುವುದಿಲ್ಲ. ಎರಡನೇ ಸಲವೂ ಅದೇ ಕಥೆ. ಮೂರನೇ ಸಲಕ್ಕೆ ಉಮೇದು ಉಳಿದಿರುವುದಿಲ್ಲ.

ಇಂಥವರ ಭಾಷೆಯಲ್ಲಾಗಲಿ ವಿಷಯದಲ್ಲಾಗಲಿ ಸಾಮಾನ್ಯವಾಗಿ ದೋಷ ಕಾಣುವುದಿಲ್ಲ. ಕೆಲಸದ ಸರದಿ ತಪ್ಪಿರುತ್ತದೆ. ಕೆಳಗಿನ ಹತ್ತು ಹಂತಗಳಲ್ಲಿ ಬರವಣಿಗೆ ಎಂಟನೆಯದು. ಮೊದಲ ಏಳನ್ನು ಹಾರಿಸಿದರೆ ಒಂದೋ ಲೇಖನ ಪ್ರಕಟವಾಗುವುದಿಲ್ಲ, ಇಲ್ಲವೇ ಪ್ರಕಟವಾಗಿ ಸಂಶೋಧನೆಗೇ ಕುತ್ತು ತರುತ್ತದೆ.

ಹಂತ 1: ಅನುಮತಿಯ ಕಾಗದಗಳು

ಮೊದಲು ಮೂರು ಕಾಗದ ತೆಗೆದು ಓದಿ: ಫೆಲೋಶಿಪ್ ಮಂಜೂರಾತಿ ಪತ್ರ, ಸಂಸ್ಥೆಯ ನೇಮಕಾತಿ ಅಥವಾ ನೋಂದಣಿ ನಿಯಮ, ಪ್ರಾಜೆಕ್ಟಿಗೆ ಹಣ ಕೊಟ್ಟವರ ಜೊತೆಗಿನ ಒಪ್ಪಂದ. ಹುಡುಕಬೇಕಾದದ್ದು ಇಷ್ಟು: ಹೊರಗಿನ ಸಂಪಾದನೆಗೆ ಮಿತಿ ಇದೆಯೇ, ವಾರಕ್ಕೆ ಇಷ್ಟೇ ಗಂಟೆ ಎಂಬ ನಿಬಂಧನೆ ಇದೆಯೇ, ಸಂಸ್ಥೆಯ ಹೆಸರು ಹಾಕಿಕೊಂಡು ಮಾಧ್ಯಮದಲ್ಲಿ ಮಾತಾಡಲು ಮುಂಚಿತ ಒಪ್ಪಿಗೆ ಬೇಕೇ. ಪರದೇಶದಲ್ಲಿ ಓದುತ್ತಿರುವವರು ವೀಸಾದ ಷರತ್ತನ್ನು ಇವೆಲ್ಲಕ್ಕಿಂತ ಮೊದಲು ನೋಡಬೇಕು. ಕ್ಯಾಂಪಸ್ಸಿನೊಳಗೆ ಕೆಲಸ ಮಾಡಲು ಬಿಡುವ ವೀಸಾ ಸ್ವಂತ ಉದ್ಯೋಗವನ್ನು ಒಪ್ಪದೇ ಇರಬಹುದು, ಮತ್ತು ಫ್ರೀಲ್ಯಾನ್ಸ್ ಸಂಭಾವನೆ ಬಹಳ ಕಡೆ ಸ್ವಂತ ಉದ್ಯೋಗದ ಲೆಕ್ಕಕ್ಕೇ ಬರುತ್ತದೆ.

ಆಮೇಲೆ ಗೈಡ್‌ಗೆ ಒಂದು ಇಮೇಲ್. ಬಾಯಿಮಾತಿನ "ಆಯ್ತು, ಮಾಡಿ" ಸಾಲದು, ಆರು ತಿಂಗಳಾದ ಮೇಲೆ ಇಬ್ಬರಿಗೂ ಅದು ಬೇರೆ ಬೇರೆಯಾಗಿ ನೆನಪಿರುತ್ತದೆ. ಯಾವ ಬಗೆಯ ಬರಹ, ತಿಂಗಳಿಗೆ ಎಷ್ಟು, ಲ್ಯಾಬಿನ ಅಪ್ರಕಟಿತ ದತ್ತಾಂಶ ಮುಟ್ಟುವುದಿಲ್ಲ ಎಂಬ ಭರವಸೆ, ಸಂಸ್ಥೆಯ ಹೆಸರನ್ನು ಹೇಗೆ ಹಾಕುತ್ತೀರಿ ಎಂಬ ವಿವರ, ಇಷ್ಟಿದ್ದರೆ ಸಾಕು.

ಅಪ್ರಕಟಿತ ಫಲಿತಾಂಶದ ವಿಚಾರದಲ್ಲಿ ಬಿಗಿಯಾಗಿರಿ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ ಸಂಪಾದಕರಾಗಿದ್ದ ಫ್ರಾಂಜ್ ಇಂಗೆಲ್‌ಫಿಂಗರ್ 1969ರಲ್ಲಿ ಒಂದು ನಿಯಮ ತಂದರು: ಬೇರೆಡೆ ಈಗಾಗಲೇ ಪ್ರಕಟವಾದ ಸಂಶೋಧನೆಯನ್ನು ಜರ್ನಲ್ ಸ್ವೀಕರಿಸದು. ಬೇರೆ ಜರ್ನಲ್‌ಗಳೂ ಅದನ್ನು ಅನುಸರಿಸಿದವು. ಪ್ರಿಪ್ರಿಂಟ್‌ಗಳು (ಪೀರ್ ರಿವ್ಯೂ, ಅಂದರೆ ಇತರ ತಜ್ಞರ ಪರಿಶೀಲನೆಗೆ ಮುಂಚೆಯೇ ಹೊರಬಿಡುವ ಪ್ರಬಂಧಗಳು) ಬಂದ ಮೇಲೆ ಬಿಗಿ ಸಡಿಲವಾಗಿದೆಯಾದರೂ, ನೀವಾಗಿಯೇ ಪತ್ರಿಕೆಯಲ್ಲಿ ಫಲಿತಾಂಶ ಬರೆದುಕೊಂಡರೆ ಆಕ್ಷೇಪಿಸುವ ಜರ್ನಲ್‌ಗಳು ಇನ್ನೂ ಇವೆ. ಪೇಟೆಂಟ್ ಅರ್ಜಿ ಹಾಕುವ ಯೋಚನೆ ಲ್ಯಾಬಿಗೆ ಇದ್ದರಂತೂ ಪ್ರಶ್ನೆಯೇ ಇಲ್ಲ. ಅರ್ಜಿಗೆ ಮುಂಚೆ ಸಾರ್ವಜನಿಕವಾಗಿ ಹೊರಬಿದ್ದ ಸಂಗತಿ ಬಹಳಷ್ಟು ದೇಶಗಳಲ್ಲಿ ಹೊಸತನದ ಅರ್ಹತೆಯನ್ನೇ ಕಳೆದುಕೊಳ್ಳುತ್ತದೆ.

ಹಂತ 2: ಗಂಟೆಗಳ ಲೆಕ್ಕ

ಸಾವಿರ ಪದಗಳ ಒಂದು ವರದಿಗೆ ಹೊಸಬರು ಇಪ್ಪತ್ತು ಗಂಟೆ ತೆಗೆದಿಡಬೇಕು. ಓದಿಗೆ ಐದು, ಸಂದರ್ಶನಕ್ಕೂ ಅದನ್ನು ಬರಹಕ್ಕಿಳಿಸುವುದಕ್ಕೂ ಐದು, ಕರಡಿಗೆ ಐದು, ತಿದ್ದುಪಡಿಗೂ ಪರಿಶೀಲನೆಗೂ ಮೂರು, ಪತ್ರವ್ಯವಹಾರಕ್ಕೆ ಎರಡು. "ವಾರಾಂತ್ಯದಲ್ಲಿ ಕೂತು ಮುಗಿಸುತ್ತೇನೆ" ಎನ್ನುವವರು ಬರೆಯುವ ಐದು ಗಂಟೆಯನ್ನಷ್ಟೇ ಎಣಿಸಿರುತ್ತಾರೆ. ಮೊದಲ ಆರು ತಿಂಗಳು ತಿಂಗಳಿಗೊಂದೇ ಲೇಖನ ಒಪ್ಪಿಕೊಳ್ಳಿ.

ಸಂಪಾದಕರ ಫೋನು ಬರುವುದು ಕೆಲಸದ ಹೊತ್ತಿನಲ್ಲಿ, ಅದೂ ಪ್ರಕಟಣೆಯ ಹಿಂದಿನ ದಿನ. ಆ ದಿನ ನಿಮಗೆ ಪ್ರಯೋಗವೋ ಕ್ಷೇತ್ರಕಾರ್ಯವೋ ಇದ್ದರೆ ಮೊದಲೇ ತಿಳಿಸಿಬಿಡಿ. ಇನ್ನೊಂದು ಎಚ್ಚರಿಕೆಯ ಗಂಟೆ: ಲೇಖನದ ಗಡುವಿಗಾಗಿ ಗೈಡ್ ಜೊತೆಗಿನ ಭೇಟಿಯನ್ನು ಎರಡು ಸಲ ಮುಂದೂಡಿದ್ದೀರಾದರೆ ಹೊಸ ಕೆಲಸ ಹಿಡಿಯುವುದನ್ನು ಅಲ್ಲಿಗೇ ನಿಲ್ಲಿಸಬೇಕು.

ಹಂತ 3: ಬೇಕಾದ ಸಾಮಾನು

ಬರವಣಿಗೆಗೆ ಹೆಚ್ಚೇನೂ ಬೇಡ. ಸಂಶೋಧನೆಯದ್ದಕ್ಕೆ ತಗಲದ ಪ್ರತ್ಯೇಕ ಇಮೇಲ್, ಪ್ರತ್ಯೇಕ ಫೋಲ್ಡರ್, ಒಂದು ಸ್ಪ್ರೆಡ್‌ಶೀಟ್. ಶೀಟಿನಲ್ಲಿ ಪಿಚ್‌ನ (ಸಂಪಾದಕರಿಗೆ ಕಳಿಸುವ ಲೇಖನದ ಪ್ರಸ್ತಾವದ) ಶೀರ್ಷಿಕೆ, ಯಾರಿಗೆ, ಕಳಿಸಿದ ದಿನ, ನೆನಪಿಸಿದ ದಿನ, ಉತ್ತರ, ಒಪ್ಪಿದ ಮೊತ್ತ, ಬಿಲ್ ಸಂಖ್ಯೆ, ಹಣ ಬಂದ ದಿನ, ಇಷ್ಟು ಕಾಲಂ ಇರಲಿ. ಸಂಸ್ಥೆಯ ಇಮೇಲ್‌ನಿಂದ ಪಿಚ್ ಕಳಿಸಬೇಡಿ. ಸಂಸ್ಥೆಯ ಪರವಾಗಿ ಬರೆಯುತ್ತಿದ್ದೀರಿ ಎಂಬ ಅರ್ಥ ಬರುತ್ತದೆ, ಸಂಸ್ಥೆ ಬಿಟ್ಟ ದಿನ ಪತ್ರವ್ಯವಹಾರವೆಲ್ಲ ಕೈತಪ್ಪುತ್ತದೆ.

ಆಡಿಯೊ ಮಾಡುವವರಿಗೆ ಕೆಲವು ಮಾತು. ರೆಕಾರ್ಡರನ್ನು 48 ಕಿಲೊಹರ್ಟ್ಜ್, 24 ಬಿಟ್ ವೇವ್ ಫೈಲಿಗೆ ಹೊಂದಿಸಿ. ಮಾತಿನ ಏರು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿದರೆ ಒಡೆದ ದನಿಯನ್ನು ಮತ್ತೆ ಸರಿಪಡಿಸುವುದು ಕಷ್ಟ. ಮೈಕು ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಿಡದೆ ತುಸು ಓರೆಯಾಗಿ. ರೆಕಾರ್ಡ್ ಆಗುವಷ್ಟು ಹೊತ್ತೂ ಹೆಡ್‌ಫೋನ್ ಕಿವಿಯ ಮೇಲಿರಬೇಕು. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಬರಿಗಿವಿಗೆ ಕೇಳಿಸದು, ಮೈಕು ಅದನ್ನು ಬಿಡದೆ ಹಿಡಿಯುತ್ತದೆ. ಸಂದರ್ಶನ ಮುಗಿದ ಮೇಲೆ ಒಂದು ನಿಮಿಷ ಯಾರೂ ಮಾತಾಡದೆ ಆ ಕೋಣೆಯ ಬರೀ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಎರಡು ಮಾತಿನ ತುಂಡುಗಳನ್ನು ಬೆಸೆಯಲು ಅದೇ ಬೇಕಾಗುವುದು. ಫೈಲಿಗೆ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಸ್ಥಳದಲ್ಲಿ.

ಹಂತ 4: ವಿಷಯದೊಳಗಿಂದ ಸುದ್ದಿ ಹೆಕ್ಕುವುದು

ಹೆಚ್ಚಿನ ಪಿಚ್‌ಗಳು ಸಾಯುವುದು ಇಲ್ಲೇ. ಸಂಶೋಧಕರ ತಲೆಯಲ್ಲಿರುವುದು ವಿಷಯ, ಸಂಪಾದಕರಿಗೆ ಬೇಕಾದದ್ದು ಸುದ್ದಿ. "ನಗರದ ಶಬ್ದಮಾಲಿನ್ಯ ಮತ್ತು ಹಕ್ಕಿಗಳ ಸಂವಹನ" ಒಂದು ವಿಷಯ. ಅದರಲ್ಲಿ ಯಾರೂ ಏನೂ ಮಾಡುತ್ತಿಲ್ಲ, ಏನೂ ಬದಲಾಗುತ್ತಿಲ್ಲ. ಅದೇ ಕ್ಷೇತ್ರದಿಂದ ಎರಡು ಅಧ್ಯಯನ ನೋಡಿ. 2003ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಪ್ರಬಂಧದ ಪ್ರಕಾರ, ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗದ್ದಲ ಹೆಚ್ಚಿರುವ ಜಾಗದ ಗ್ರೇಟ್ ಟಿಟ್ ಹಕ್ಕಿಗಳು ಹೆಚ್ಚಿನ ಸ್ಥಾಯಿಯಲ್ಲಿ ಹಾಡುತ್ತಿದ್ದವು. ವಾಹನಗಳ ಸದ್ದು ಕೆಳಗಿನ ಸ್ಥಾಯಿಯಲ್ಲಿರುವುದರಿಂದ ಅದರ ಮೇಲೇರಿ ಹಾಡಬೇಕಿತ್ತು. 2020ರ ಲಾಕ್‌ಡೌನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ರಸ್ತೆಗಳು ಖಾಲಿಯಾದಾಗ ಅಲ್ಲಿನ ವೈಟ್ ಕ್ರೌನ್ಡ್ ಸ್ಪ್ಯಾರೊ ಹಕ್ಕಿಗಳು ದನಿ ತಗ್ಗಿಸಿದವು ಎಂದು ಅದೇ ವರ್ಷ ಸೈನ್ಸ್ ಪತ್ರಿಕೆಯಲ್ಲಿ ಬಂತು. ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಗದ್ದಲ ಮರಳಿದ ಮೇಲೆ, ಆ ಮೌನದಲ್ಲಿ ಹಾಡು ಕಲಿತ ಮರಿಗಳು ಏನು ಮಾಡಿದವು? ಸುದ್ದಿ ಅಲ್ಲಿದೆ.

ಪರೀಕ್ಷೆ ಹೀಗೆ: ನಿಮ್ಮ ವಿಚಾರವನ್ನು ಕರ್ತೃ ಮತ್ತು ಕ್ರಿಯಾಪದ ಎರಡೂ ಇರುವ ಒಂದೇ ವಾಕ್ಯದಲ್ಲಿ ಬರೆಯಿರಿ. "ಕುರಿತು", "ಒಂದು ಅವಲೋಕನ", "ಸವಾಲುಗಳು ಮತ್ತು ಸಾಧ್ಯತೆಗಳು" ಇವು ನುಸುಳಿದರೆ ವಿಷಯ ಇನ್ನೂ ಮಾಗಿಲ್ಲ. ಆ ವಾಕ್ಯ ಸಿಕ್ಕಿದ ಮೇಲೆ ಇನ್ನೊಂದು ಪ್ರಶ್ನೆ: ಇದನ್ನು ಈ ತಿಂಗಳೇ ಏಕೆ ಓದಬೇಕು? ಹೊಸ ಪ್ರಬಂಧ, ನ್ಯಾಯಾಲಯದ ತೀರ್ಪು, ಹಂಗಾಮಿನ ಆರಂಭ, ಯಾವುದಾದರೂ ಆಗಬಹುದು. ಯಾವುದೂ ಸಿಗದಿದ್ದರೆ ಸಿಗುವವರೆಗೆ ಕಾಯಿರಿ.

ಹಂತ 5: ಪಿಚ್

ಪಿಚ್ ಎಂದರೆ ಲೇಖನ ಬರೆಯುವ ಮೊದಲು ಸಂಪಾದಕರಿಗೆ ಕಳಿಸುವ ಪ್ರಸ್ತಾವ. ಅಭಿಪ್ರಾಯ ಬರಹ, ಲಲಿತ ಪ್ರಬಂಧ, ನಗೆಬರಹಗಳಿಗೆ ಪೂರ್ತಿ ಕರಡನ್ನೇ ಕೇಳುವುದುಂಟು. ವರದಿ ಆಧರಿಸಿದ ಯಾವುದನ್ನೂ ಮುಂಚೆ ಬರೆದಿಡಬೇಡಿ. ಕೋನ ಬದಲಿಸಿ ಎಂದು ಸಂಪಾದಕರು ಹೇಳಿದ ದಿನ ಆ ಶ್ರಮವೆಲ್ಲ ವ್ಯರ್ಥ.

ಉದ್ದ 200ರಿಂದ 300 ಪದ. ಅದರ ಚುಟುಕು ಮಾದರಿ ಹೀಗಿದೆ:

ವಿಷಯ ಸಾಲು: ಪಿಚ್ – ಲಾಕ್‌ಡೌನ್‌ನಲ್ಲಿ ದನಿ ತಗ್ಗಿಸಿದ ಹಕ್ಕಿಗಳು ಈಗ ಹೇಗೆ ಹಾಡುತ್ತಿವೆ? (1,200 ಪದ)

"2020ರ ವಸಂತದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ರಸ್ತೆಗಳು ಖಾಲಿಯಾದಾಗ ಅಲ್ಲಿನ ಒಂದು ಜಾತಿಯ ಹಕ್ಕಿ ಮೆಲುದನಿಯಲ್ಲಿ ಹಾಡತೊಡಗಿತು. ದನಿ ತಗ್ಗಿದರೂ ಹಾಡು ಮೊದಲಿಗಿಂತ ದೂರ ಕೇಳುತ್ತಿತ್ತು, ಏಕೆಂದರೆ ಅಡ್ಡ ಬರುವ ಗದ್ದಲವಿರಲಿಲ್ಲ. ಈ ಸುದ್ದಿ ಆಗ ಎಲ್ಲೆಡೆ ಬಂತು. ವಾಹನಗಳು ಮರಳಿದ ಮೇಲೆ ಏನಾಯಿತು ಎಂಬುದು ಅಷ್ಟಾಗಿ ಬಂದಿಲ್ಲ. ಈ ಹಕ್ಕಿಗಳು ಹಾಡನ್ನು ಮರಿಯಿದ್ದಾಗಲೇ ಕಲಿಯುತ್ತವೆ. ಆ ವರ್ಷದ ಮರಿಗಳಿಗೆ ಸಿಕ್ಕ ಪಾಠ ಬೇರೆಯದು. ಇಬ್ಬರು ಪಕ್ಷಿಧ್ವನಿ ತಜ್ಞರನ್ನೂ ಒಬ್ಬ ನಗರ ಯೋಜಕರನ್ನೂ ಮಾತಾಡಿಸಿ ಬರೆಯುವ ಯೋಜನೆ ಇದೆ. ನಾನು ಪ್ರಾಣಿಗಳ ಧ್ವನಿಸಂವಹನದ ಸಂಶೋಧಕ. ಉಲ್ಲೇಖಿಸಿದ ಅಧ್ಯಯನಗಳಲ್ಲಿ ನನ್ನ ಪಾಲಿಲ್ಲ. ಮೂರು ವಾರದಲ್ಲಿ ಕೊಡಬಲ್ಲೆ."

ಮೊದಲ ಎರಡು ವಾಕ್ಯ ಲೇಖನದ ಆರಂಭದಂತೆಯೇ ಓದಿಸಿಕೊಳ್ಳುತ್ತವೆ, ನಿಮ್ಮ ಬರವಣಿಗೆ ಹೇಗಿರುತ್ತದೆಂದು ಸಂಪಾದಕರಿಗೆ ಅಲ್ಲೇ ತಿಳಿಯುತ್ತದೆ. ನಡುವಿನ ಭಾಗ ಹಳೆಯ ಸುದ್ದಿಯಲ್ಲಿ ಹೊಸದೇನು ಎಂಬುದನ್ನು ಹೇಳುತ್ತದೆ. ಯಾರನ್ನು ಮಾತಾಡಿಸುತ್ತೀರಿ ಎಂಬ ಸಾಲಿಲ್ಲದ ಪಿಚ್ ಬರೀ ಓದಿನಿಂದ ಬರೆಯುವವರದ್ದು ಎನಿಸುತ್ತದೆ. ಹಿತಾಸಕ್ತಿಯ ಸಾಲನ್ನು ನೀವೇ ಹೇಳಿಬಿಟ್ಟರೆ ಮುಂದೆ ಯಾರೂ ಅದನ್ನು ಅಗೆದು ತೆಗೆಯಬೇಕಾಗುವುದಿಲ್ಲ. ಪದವಿ, ಪ್ರಶಸ್ತಿ, ಪ್ರಬಂಧಗಳ ಪಟ್ಟಿಗೆ ಇಲ್ಲಿ ಜಾಗವಿಲ್ಲ.

ಕಳಿಸುವ ಮೊದಲು ಆ ಪತ್ರಿಕೆಯಲ್ಲಿ ಇದೇ ವಿಷಯ ಈಚೆಗೆ ಬಂದಿದೆಯೇ ಹುಡುಕಿ. ಒಂದು ಸಲಕ್ಕೆ ಒಂದೇ ಕಡೆ ಕಳಿಸಿ. ವಾರ ಕಳೆದ ಮೇಲೆ ಎರಡು ಸಾಲಿನ ನೆನಪೋಲೆ, ಇನ್ನೊಂದು ವಾರಕ್ಕೂ ಉತ್ತರ ಇಲ್ಲವೆಂದರೆ "ಇದನ್ನು ಬೇರೆಡೆ ಕಳಿಸುತ್ತಿದ್ದೇನೆ" ಎಂದು ತಿಳಿಸಿ ಮುಂದಕ್ಕೆ ಹೋಗಿ. ದಿನದ ಸುದ್ದಿಗೆ ತಗುಲಿದ ಪಿಚ್ ಆದರೆ ಈ ಅವಧಿ ಒಂದೆರಡು ದಿನಕ್ಕಿಳಿಯುತ್ತದೆ. ಉತ್ತರ ಬಾರದಿರುವುದು ಈ ಕೆಲಸದಲ್ಲಿ ತೀರಾ ಮಾಮೂಲು. ಪೀರ್ ರಿವ್ಯೂನಲ್ಲಿ ಬರುವ ಹಾಗೆ ಕಾರಣ ಬರೆದು ಕಳಿಸುವಷ್ಟು ಪುರುಸೊತ್ತು ಪತ್ರಿಕೆಯ ಸಂಪಾದಕೀಯ ಡೆಸ್ಕಿನವರಿಗೆ ಇರುವುದಿಲ್ಲ.

ಪ್ರಕಟಿತ ಬರಹ ಒಂದೂ ಇಲ್ಲದವರು ದಿ ಕಾನ್ವರ್ಸೇಶನ್‌ನಿಂದ ಶುರುಮಾಡಬಹುದು. 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಈ ತಾಣದಲ್ಲಿ ಸಂಶೋಧಕರು ಬರೆಯುತ್ತಾರೆ, ಪತ್ರಕರ್ತರು ತಿದ್ದುತ್ತಾರೆ. ಸಾಮಾನ್ಯವಾಗಿ ಸಂಭಾವನೆ ಇಲ್ಲ, ಆದರೆ ವೃತ್ತಿಪರರಿಂದ ತಿದ್ದಿಸಿಕೊಂಡ ಅನುಭವ ಸಿಗುತ್ತದೆ. ಅಲ್ಲಿ ಎರಡೋ ಮೂರೋ ಬರಹ ಆದ ಮೇಲೆ ಪುಕ್ಕಟೆ ಕೆಲಸ ಸಾಕು.

ಹಂತ 6: ಕರಾರು

ಸಂಪಾದಕರು ಒಪ್ಪಿದ ಕೂಡಲೇ ಬರೆಯಲು ಕೂರಬೇಡಿ. ಪದಮಿತಿ, ಗಡುವು, ಮೊತ್ತ, ಪಾವತಿ ಯಾವಾಗ, ಪ್ರಯಾಣದ ಖರ್ಚು ಯಾರದ್ದು, ಎಷ್ಟು ಸುತ್ತಿನ ತಿದ್ದುಪಡಿ, ಇವೆಲ್ಲ ಇಮೇಲ್‌ನಲ್ಲಿ ಬಂದಿರಬೇಕು. ಪಾವತಿ "ಒಪ್ಪಿಗೆಯಾದ ಮೇಲೆ" ಎಂದಿದೆಯೋ "ಪ್ರಕಟವಾದ ಮೇಲೆ" ಎಂದಿದೆಯೋ ನೋಡಿ. ಎರಡನೆಯದರಲ್ಲಿ ಲೇಖನ ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತರೆ ಹಣವೂ ಅಲ್ಲೇ ಕೂರುತ್ತದೆ. ಬರೆಸಿಕೊಂಡು ಪ್ರಕಟಿಸದೆ ಬಿಟ್ಟರೆ ಕೊಡುವ ಪರಿಹಾರವನ್ನು ಕಿಲ್ ಫೀ ಎನ್ನುತ್ತಾರೆ. ಒಪ್ಪಿದ ಮೊತ್ತದ ಕಾಲುಭಾಗದಿಂದ ಅರ್ಧದವರೆಗೆ ಕೇಳುವುದು ವಾಡಿಕೆ.

ಸಂಶೋಧಕರು ಕಣ್ಣಿಟ್ಟು ಓದಬೇಕಾದ ಷರತ್ತುಗಳು ಎರಡು. ಮೊದಲನೆಯದು ಹಕ್ಕು: ಮೊದಲ ಪ್ರಕಟಣೆಯ ಹಕ್ಕನ್ನಷ್ಟೇ ಕೊಟ್ಟರೆ ಮುಂದೆ ಅದೇ ಬರಹವನ್ನು ನಿಮ್ಮ ಪುಸ್ತಕದಲ್ಲಿ ಸೇರಿಸಬಹುದು. ಎಲ್ಲ ಹಕ್ಕೂ ಅವರದೇ ಎಂದು ಸಹಿ ಹಾಕಿದರೆ ನಿಮ್ಮ ಬರಹವನ್ನೇ ಬಳಸಲು ಅನುಮತಿ ಬೇಡಬೇಕು. ಎರಡನೆಯದು ಹೊಣೆಗಾರಿಕೆ: ಯಾರಾದರೂ ಮೊಕದ್ದಮೆ ಹೂಡಿದರೆ ಪೂರ್ತಿ ಖರ್ಚು ಲೇಖಕರದ್ದು ಎಂಬ ಸಾಲಿದ್ದರೆ, "ನನಗೆ ತಿಳಿದಿರುವ ಮಟ್ಟಿಗೆ" ಎಂಬ ಮಾತು ಸೇರಿಸಲು ಕೇಳಿ. ಕೇಳಿದ್ದಕ್ಕೆ ಕೆಲಸ ಕೈತಪ್ಪುವುದು ಅಪರೂಪ.

ಹಂತ 7: ಸಂದರ್ಶನ

ಫೋನು ಮಾಡಿದ ಕೂಡಲೇ ಹೇಳಬೇಕಾದ ಮಾತು: "ನಾನು ಈಗ ಈ ಪತ್ರಿಕೆಗಾಗಿ ಪತ್ರಕರ್ತನಾಗಿ ಮಾತಾಡುತ್ತಿದ್ದೇನೆ." ಸಹೋದ್ಯೋಗಿಯೆಂದು ಸಲುಗೆಯಿಂದ ಮಾತಾಡಿದವರ ಮಾತು ಮರುವಾರ ಅಚ್ಚಾದರೆ ನಂಟು ಮತ್ತೆ ಕೂಡುವುದಿಲ್ಲ. ಹೆಸರು ಹಾಕಬಹುದೇ, ಹೆಸರಿಲ್ಲದೆ ಬಳಸಬಹುದೇ, ಬಳಸಲೇಬಾರದೇ ಎಂಬುದು ಮಾತು ಶುರುವಾಗುವ ಮೊದಲು ತೀರ್ಮಾನವಾಗಬೇಕು. ಎಲ್ಲ ಹೇಳಿಯಾದ ಮೇಲೆ "ಇದನ್ನು ಬರೆಯಬೇಡಿ" ಎಂದರೆ ಪೇಚು ನಿಮ್ಮದು.

ನಿಮ್ಮ ಸಂಶೋಧನೆಯಲ್ಲಿ ಪಾಲ್ಗೊಂಡವರನ್ನು ಲೇಖನಕ್ಕೆ ಎಳೆಯಬೇಡಿ. ಅವರು ಸಹಿ ಹಾಕಿದ ಒಪ್ಪಿಗೆ ಪತ್ರ ಸಂಶೋಧನೆಗೆ ಸೀಮಿತ. ನೈತಿಕ ಸಮಿತಿ ಅನುಮತಿ ಕೊಟ್ಟದ್ದೂ ಅದಕ್ಕೇ. ಹೆಸರು ಬದಲಿಸಿದರೆ ಸಾಕು ಎಂದುಕೊಳ್ಳುವುದು ತಪ್ಪು, ಸಣ್ಣ ಸಮುದಾಯದಲ್ಲಿ ಗುರುತು ಹಿಡಿಯಲು ಹೆಸರೇ ಬೇಕಿಲ್ಲ.

ಗೈಡ್, ಸಹಲೇಖಕರು, ನಿಮ್ಮ ಪ್ರಬಂಧವನ್ನು ಪರಿಶೀಲಿಸುತ್ತಿರುವವರು, ನಿಮಗೆ ಹಣ ಕೊಡುವ ಸಂಸ್ಥೆ, ಇವರ್ಯಾರನ್ನೂ ಸ್ವತಂತ್ರ ತಜ್ಞರೆಂದು ಉಲ್ಲೇಖಿಸಬಾರದು. ಒಂದು ಪ್ರಬಂಧದ ಮೇಲೆ ಬರೆಯುವಾಗ ಅದರ ಲೇಖಕರಲ್ಲದ ಒಬ್ಬರಾದರೂ ಮಾತಾಡಿರಬೇಕು. ಅವರನ್ನು ಹುಡುಕಲು ಸುಲಭದ ದಾರಿ ಆ ಪ್ರಬಂಧದ ಉಲ್ಲೇಖ ಪಟ್ಟಿಯೇ: ಅದೇ ಪ್ರಶ್ನೆಗೆ ಬೇರೆ ಉತ್ತರ ಕಂಡವರು ಅಲ್ಲಿ ಸಿಗುತ್ತಾರೆ.

ಹಂತ 8: ಬರವಣಿಗೆ

ಪ್ರಬಂಧದಲ್ಲಿ ಹಿನ್ನೆಲೆ ಮೊದಲು, ಫಲಿತಾಂಶ ಕೊನೆಗೆ. ಇಲ್ಲಿ ಫಲಿತಾಂಶ ಮೊದಲು. ಕರಡು ಮುಗಿದ ಮೇಲೆ ಮೊದಲ ಎರಡು ಪ್ಯಾರಾ ಅಳಿಸಿ ಮೂರನೆಯದರಿಂದ ಓದಿ ನೋಡಿ. ಬಹಳ ಸಲ ಲೇಖನ ಅಲ್ಲಿಂದಲೇ ಶುರುವಾಗಬೇಕಿತ್ತು ಎಂದು ಗೊತ್ತಾಗುತ್ತದೆ.

ಅಂಕಿಅಂಶದಲ್ಲಿ ಎಡವುವುದು ಹೆಚ್ಚು. ಹತ್ತು ಸಾವಿರ ಜನರಲ್ಲಿ ಇಬ್ಬರಿಗೆ ಬರುತ್ತಿದ್ದ ಕಾಯಿಲೆ ಮೂವರಿಗೆ ಬಂದರೆ ಅದು "ಶೇ 50ರಷ್ಟು ಏರಿಕೆ" ಹೌದು, ಆದರೆ ಓದುಗರು ಹೌಹಾರುವಂಥದ್ದಲ್ಲ. ಮೂಲ ಸಂಖ್ಯೆ ಕೊಡದೆ ಶೇಕಡಾವಾರು ಕೊಡಬೇಡಿ. ಇಲಿಗಳ ಮೇಲೆ ನಡೆದ ಅಧ್ಯಯನವಾದರೆ ಇಲಿ ಎಂಬ ಪದ ಮೊದಲ ಪ್ಯಾರಾದಲ್ಲೇ ಇರಲಿ. ಪ್ರಿಪ್ರಿಂಟ್ ಆದರೆ ಇನ್ನೂ ಪೀರ್ ರಿವ್ಯೂ ಆಗಿಲ್ಲ ಎಂದು ಹೇಳಿ.

ಹಂತ 9: ಪರಿಶೀಲನೆ ಮತ್ತು ಎಂಬಾರ್ಗೊ

ಕರಡಿನ ಎರಡು ಪ್ರತಿ ಇಟ್ಟುಕೊಳ್ಳಿ. ಒಂದು ಓದುಗರಿಗೆ. ಇನ್ನೊಂದರಲ್ಲಿ ಪ್ರತಿ ಸಂಗತಿಯ ಪಕ್ಕ ಮೂಲ ಗುರುತಿಸಿರಲಿ: ಯಾವ ಪ್ರಬಂಧದ ಯಾವ ಪುಟ, ಯಾವ ರೆಕಾರ್ಡಿಂಗ್‌ನ ಎಷ್ಟನೇ ನಿಮಿಷ. ಉಲ್ಲೇಖದ ಶಿಸ್ತು ಕಲಿತವರಿಗೆ ಇದು ಸಲೀಸು, ಸಂಪಾದಕರ ಕಣ್ಣಲ್ಲಿ ನಿಮ್ಮ ಬೆಲೆ ಏರುವುದೂ ಇದರಿಂದಲೇ.

ಸಂದರ್ಶನ ಕೊಟ್ಟವರಿಗೆ ಪೂರ್ತಿ ಕರಡು ಕಳಿಸುವುದು ಸಹಲೇಖಕರಿಗೆ ಕಳಿಸಿ ಬಂದ ಅಭ್ಯಾಸ. ಇಲ್ಲಿ ಅದು ಬೇಡ. ಪತ್ರಿಕೆಗಳು ಒಪ್ಪುವುದಿಲ್ಲ, ಕಳಿಸಿದರೆ ವಾಕ್ಯಗಳು ಮೃದುವಾಗಿ, ಪ್ರಚಾರದಂತಾಗಿ ವಾಪಸ್ ಬರುತ್ತವೆ. ಅವರಿಗೆ ಸಂಬಂಧಿಸಿದ ಸಂಗತಿಗಳನ್ನಷ್ಟೇ ಫೋನಿನಲ್ಲಿ ಓದಿ ಹೇಳಿ ಖಚಿತಪಡಿಸಿಕೊಳ್ಳಿ.

ಪ್ರಕಟಣೆಗೆ ಮುಂಚೆ ಪತ್ರಕರ್ತರ ಕೈಗೆ ಬರುವ ಪ್ರಬಂಧಕ್ಕೆ ಎಂಬಾರ್ಗೊ ಇರುತ್ತದೆ, ಅಂದರೆ ಇಂಥ ಹೊತ್ತಿಗೆ ಮುನ್ನ ಹೊರಬಿಡುವಂತಿಲ್ಲ. ನೇಚರ್‌ನದ್ದು ಬುಧವಾರ ಲಂಡನ್ ಸಮಯ ಸಂಜೆ 4ಕ್ಕೆ, ಸೈನ್ಸ್‌ನದ್ದು ಗುರುವಾರ ಅಮೆರಿಕದ ಪೂರ್ವ ಕರಾವಳಿಯ ಸಮಯ ಮಧ್ಯಾಹ್ನ 2ಕ್ಕೆ ತೆರವಾಗುತ್ತದೆ. ನಿಮ್ಮ ಗಡಿಯಾರಕ್ಕೆ ಅದು ಎಷ್ಟು ಗಂಟೆ ಎಂದು ಬರೆದಿಟ್ಟುಕೊಳ್ಳಿ, ಬೇಸಿಗೆ ಸಮಯ ಬದಲಾಗುವ ವಾರಗಳಲ್ಲಿ ಮತ್ತೊಮ್ಮೆ ನೋಡಿ. ಎಂಬಾರ್ಗೊ ಮುರಿದವರನ್ನು ಮುಂಚಿತವಾಗಿ ಪ್ರಬಂಧ ಪಡೆಯುವ ಪತ್ರಕರ್ತರ ಪಟ್ಟಿಯಿಂದ ತೆಗೆದುಹಾಕುತ್ತಾರೆ. ಪತ್ರಕರ್ತರಾಗಿ ಹೀಗೆ ಸಿಕ್ಕ ಪ್ರಬಂಧವನ್ನು ಲ್ಯಾಬಿನ ಗುಂಪಿಗೆ ಹಂಚುವುದೂ ಮುರಿದಂತೆಯೇ.

ಶೀರ್ಷಿಕೆ ಬರೆಯುವುದು ಡೆಸ್ಕ್. ಸಹೋದ್ಯೋಗಿಗಳು ಮಾತ್ರ ಬೈಯುವುದು ನಿಮ್ಮನ್ನು. ಕರಡಿನ ಜೊತೆ ಮೂರು ಶೀರ್ಷಿಕೆ ನೀವೇ ಕೊಟ್ಟು, ಪ್ರಕಟವಾಗುವ ಮೊದಲು ಅಂತಿಮ ಶೀರ್ಷಿಕೆ ತೋರಿಸಲು ಕೇಳಿ.

ಹಂತ 10: ಬಿಲ್ ಮತ್ತು ಮುಂದಿನ ಪಿಚ್

ಒಪ್ಪಂದದಲ್ಲಿ ಹೇಳಿದ ದಿನವೇ ಇನ್‌ವಾಯ್ಸ್ ಕಳಿಸಿ: ಕ್ರಮಸಂಖ್ಯೆ, ದಿನಾಂಕ, ಎರಡೂ ಕಡೆಯ ಹೆಸರು ವಿಳಾಸ, ಲೇಖನದ ಶೀರ್ಷಿಕೆ, ಒಪ್ಪಿದ ಮೊತ್ತ, ಬ್ಯಾಂಕ್ ವಿವರ, "30 ದಿನದೊಳಗೆ" ಎಂಬ ಅವಧಿ. ಸಂಪಾದಕರು ಹಣ ಪಾವತಿಸುವವರಲ್ಲ. ಲೆಕ್ಕಪತ್ರ ವಿಭಾಗದ ವಿಳಾಸ ಕೇಳಿ ಪ್ರತಿ ಅಲ್ಲಿಗೂ ಹೋಗಲಿ. ಬಂದ ಹಣದಲ್ಲಿ ತೆರಿಗೆಯ ಪಾಲನ್ನು ಆ ದಿನವೇ ಬೇರೆ ಖಾತೆಗೆ ಹಾಕಿ. ಫೆಲೋಶಿಪ್‌ಗೆ ತೆರಿಗೆ ಇಲ್ಲದ ಕಡೆಯೂ ಈ ಸಂಪಾದನೆಗೆ ಇರಬಹುದು, ವರ್ಷದ ಕೊನೆಗೆ ಅದು ಒಟ್ಟಿಗೇ ಮೇಲೆ ಬೀಳುತ್ತದೆ.

ಮುಂದಿನ ಪಿಚ್ ಅದೇ ಸಂಪಾದಕರಿಗೆ, ಲೇಖನ ಬಂದ ಎರಡು ವಾರದೊಳಗೆ. ಹೊಸ ಬಾಗಿಲು ತಟ್ಟುವುದಕ್ಕಿಂತ ತೆರೆದ ಬಾಗಿಲಲ್ಲಿ ಒಳಗೆ ಹೋಗುವುದು ಸುಲಭ, ಆದರೂ ಹೊಸಬರು ಪ್ರತಿ ಸಲ ಹೊಸ ಪತ್ರಿಕೆಗೇ ಓಡುತ್ತಾರೆ. ಮೂರು ಲೇಖನ ಒಂದೇ ಕಡೆ ಬಂದ ಮೇಲೆ ಮೊತ್ತ ಹೆಚ್ಚಿಸಲು ಕೇಳಬಹುದು. 30 ದಿನಕ್ಕೆ ಹಣ ಬಾರದಿದ್ದರೆ 31ನೇ ದಿನ ಇನ್‌ವಾಯ್ಸ್ ಸಂಖ್ಯೆ ಹಾಕಿ ಒಂದು ಸಾಲಿನ ನೆನಪೋಲೆ, 45ಕ್ಕೆ ಎರಡನೆಯದು. 60 ದಾಟಿದರೆ ಆ ಹಣ ಕೈಗೆ ಬರುವವರೆಗೆ ಆ ಪತ್ರಿಕೆಗೆ ಹೊಸದೇನನ್ನೂ ಬರೆಯಬೇಡಿ.